ಗುಳದ ಹದ: ಮೈ ಗಟ್ಟಿ ಇರಲಿ, ಹೊಟ್ಟೆ ಮೆತ್ತಗಿರಲಿ

ಭರಣಿ ಮಳೆ ಒಂದು ಹನಿ ಬಿದ್ದರೆ ಸಾಕು, ನಮ್ಮ ಮಧುಗಿರಿ-ಕೊರಟಗೆರೆ ಕಡೆ ವೆಲ್ಡಿಂಗ್ ಅಂಗಡಿಗಳ ಮುಂದೆ ಕಲ್ಟಿವೇಟರ್ ಗುಳಗಳ ಗುಡ್ಡೆ ಬೀಳುತ್ತೆ. ಕಳೆದ ವಾರದಿಂದ ನಾಲ್ಕೈದು ಜನ ನನ್ನನ್ನ ಕೇಳಿದ್ದು ಒಂದೇ ಪ್ರಶ್ನೆ: "ಗುಳದ ಮೂತಿಗೆ ಗಟ್ಟಿ ರಾಡ್ ಹೊಡೆಸಿದ್ರೆ ಬಾಳಿಕೆ ಬರುತ್ತಂತೆ, ಹೌದಾ? ಯಾವ ರಾಡ್ ಹೊಡೆಸ್ಬೇಕು?"

ಬಾಳಿಕೆ ಬರುತ್ತೆ. ಆದರೆ ರಾಡಿನ ಹೆಸರು ಹೇಳಿ ಸುಮ್ಮನಾದ್ರೆ ಕೆಲಸ ಅರ್ಧ ಆದಂಗೆ. ಕಬ್ಬಿಣದ ಮೈ ಗಟ್ಟಿ ಮಾಡೋ ವಿದ್ಯೆ ನಿನ್ನೆ ಮೊನ್ನೆ ಬಂದದ್ದಲ್ಲ. ಅದರ ಹಿಂದೆ ದೊಡ್ಡ ಇತಿಹಾಸ ಇದೆ, ಆ ಇತಿಹಾಸದಲ್ಲಿ ನಮ್ಮ ಈ ಬೆಟ್ಟಗಳ ಬುಡಕ್ಕೂ ಒಂದು ಜಾಗ ಇದೆ. ಅದನ್ನ ತಿಳ್ಕೊಂಡ್ರೆ ಯಾವ ರಾಡು, ಯಾಕೆ, ಎಲ್ಲಿ ಅನ್ನೋದು ತಾನಾಗೇ ಗೊತ್ತಾಗುತ್ತೆ. ಸ್ವಲ್ಪ ಉದ್ದ ಇದೆ, ಸಮಾಧಾನವಾಗಿ ಓದಿ. ಕಬ್ಬಿಣದ ಕಡಲೆ ಏನಲ್ಲ.

ಮೊದಲು ನಮ್ಮ ಮಣ್ಣಿಂದಲೇ ಶುರು ಮಾಡೋಣ. ನಮ್ಮದು ಕೆಂಪು ಮರಳು ಮಣ್ಣು, ನೊರಜುಗಲ್ಲು ಜಾಸ್ತಿ. ಹೊಲದಲ್ಲಿ ಬಿಸಿಲಿಗೆ ಮಿಣಮಿಣ ಅನ್ನುತ್ತಲ್ಲ ಬಿಳಿ ಕಲ್ಲು, ಬೆಣಚು ಕಲ್ಲು, ಅದೇ ನಮ್ಮ ಗುಳ ತಿನ್ನೋ ಶತ್ರು. ಗಡಸುತನ ಅಳೆಯೋಕೆ ವಿಕರ್ಸ್ ಅಂತ ಒಂದು ಅಳತೆ ಇದೆ. ಅದರಲ್ಲಿ ಸಾಧಾರಣ ಮೆದು ಕಬ್ಬಿಣ 150ರ ಆಸುಪಾಸು. ಚೆನ್ನಾಗಿ ಕಾಯಿಸಿ ನೀರು ಕುಡಿಸಿದ ಉಕ್ಕು 700-800. ಬೆಣಚು ಕಲ್ಲು 1000ದ ಮೇಲೆ. ಅಂದ್ರೆ ಎಷ್ಟೇ ಹದ ಕೊಟ್ಟ ಉಕ್ಕನ್ನೂ ನಮ್ಮ ಹೊಲದ ಮರಳು ಗೀರುತ್ತೆ. ಬೇಗ ಗೀರುತ್ತಾ, ನಿಧಾನಕ್ಕೆ ಗೀರುತ್ತಾ ಅನ್ನೋದಷ್ಟೇ ವ್ಯತ್ಯಾಸ.

ಹಾಗಾದ್ರೆ ಗುಳ ಪೂರ್ತಿ ಅತೀ ಗಟ್ಟಿ ಮಾಡಿಬಿಟ್ರೆ ಆಯ್ತಲ್ಲ ಅಂತೀರಾ? ಆಗಲ್ಲ. ಉಕ್ಕು ಗಟ್ಟಿ ಆದಷ್ಟೂ ಗಾಜಿನ ಗುಣ ಬರುತ್ತೆ. ಒಳಗೆ ಹೂತಿರೋ ಬಂಡೆಗೆ ಒಂದು ಏಟು ತಗುಲಿದ್ರೆ ಪಟ್ ಅಂತ ಮುರಿಯುತ್ತೆ. ಮೆತ್ತಗಿದ್ರೆ ಬಾಗುತ್ತೆ, ಸವೆಯುತ್ತೆ, ಆದ್ರೆ ಮುರಿಯಲ್ಲ. ಬೇಕಾಗಿರೋದು ಎರಡೂ: ಮೈ ಗಟ್ಟಿ, ಹೊಟ್ಟೆ ಮೆತ್ತಗೆ. ಸಾವಿರಾರು ವರ್ಷದಿಂದ ಕಮ್ಮಾರರು ತಲೆ ಕೆಡಿಸಿಕೊಂಡಿದ್ದು ಇದೇ ಒಂದು ಒಗಟಿಗೆ.

ಈಗ ನಮ್ಮ ಊರ ಕಡೆ ಬರೋಣ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ, ಮೈಸೂರು ಸೀಮೆಯಲ್ಲಿ ಏನೇನು ಬೆಳೀತಾರೆ, ಏನೇನು ಮಾಡ್ತಾರೆ ಅಂತ ನೋಡ್ಕೊಂಡು ಬರೋಕೆ ಗವರ್ನರ್ ಜನರಲ್ ವೆಲ್ಲೆಸ್ಲಿ ಫ್ರಾನ್ಸಿಸ್ ಬುಕಾನನ್ ಅನ್ನೋ ವೈದ್ಯನನ್ನ ಕಳಿಸಿದ. ಆತ 1800-01ರಲ್ಲಿ ಊರೂರು ಸುತ್ತಿ ಬರೆದದ್ದು 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯ್ತು. ಅದರಲ್ಲಿ ಮಾಗಡಿ ಕಡೆ, ನಮ್ಮ ಮಧುಗಿರಿ ಕಡೆ ಕಬ್ಬಿಣ ಕರಗಿಸೋದನ್ನ, ಉಕ್ಕು ಮಾಡೋದನ್ನ ಕಣ್ಣಾರೆ ಕಂಡು ಬರೆದಿದ್ದಾನೆ. ಮಳೆ ನೀರು ಗುಡ್ಡದಿಂದ ಕೊಚ್ಚಿ ತಂದ ಕರಿ ಮಳಲೇ ಅದಿರು. ಅದನ್ನ ಇದ್ದಿಲಿನ ಜೊತೆ ಕರಗಿಸಿ ಮೊದಲು ಕಬ್ಬಿಣ. ಆಮೇಲೆ ಆ ಕಬ್ಬಿಣದ ತುಂಡನ್ನ ಮಣ್ಣಿನ ಮೂಸೆಯಲ್ಲಿಟ್ಟು, ಜೊತೆಗೆ ತಂಗಡಿ ಕಡ್ಡಿ, ಒಂದೆರಡು ಹಸಿರೆಲೆ ಹಾಕಿ, ಬಾಯಿಗೆ ಮಣ್ಣು ಮೆತ್ತಿ, ತಿದಿ ಒತ್ತಿ ಕಾಯಿಸೋದು. ಅದೇ ನಮ್ಮ ಹೊಲದ ಬದುವಿನಲ್ಲಿ ಹಳದಿ ಹೂ ಬಿಡೋ ತಂಗಡಿ, ಆವರಿಕೆ ಅಂತೀವಲ್ಲ, ಅದೇ ಗಿಡ.

ಆ ಕಡ್ಡಿ, ಎಲೆ ಯಾಕೆ? ಅವು ಮುಚ್ಚಿದ ಮೂಸೆಯೊಳಗೆ ಸುಟ್ಟು ಇಂಗಾಲ ಆಗುತ್ತೆ, ಆ ಇಂಗಾಲ ಕಬ್ಬಿಣದೊಳಗೆ ಸೇರುತ್ತೆ. ಕಬ್ಬಿಣಕ್ಕೂ ಉಕ್ಕಿಗೂ ಇರೋ ವ್ಯತ್ಯಾಸವೇ ಇಂಗಾಲ. ನೂರಕ್ಕೆ ಕಾಲು ಭಾಗಕ್ಕಿಂತ ಕಮ್ಮಿ ಇದ್ರೆ ಮೆದು, ಅರ್ಧ ದಾಟಿದ್ರೆ ಹದ ಹಿಡಿಯೋ ಉಕ್ಕು. ಈ ಮೂಸೆ ಉಕ್ಕಿನಲ್ಲಿ ಒಂದೂವರೆ ಭಾಗದವರೆಗೂ ಇರ್ತಿತ್ತು.

ಈ ಉಕ್ಕು ಇಂಗ್ಲೆಂಡಿಗೆ ಹೋದಾಗ 'ವೂಟ್ಜ್' ಅಂತ ಹೆಸರಾಯ್ತು. ನಮ್ಮ 'ಉಕ್ಕು' ಅನ್ನೋ ಮಾತೇ ಬರೆಯೋರ ಕೈಯಲ್ಲಿ ಹಾಗಾಯ್ತು ಅಂತ ಬಲ್ಲವರು ಹೇಳ್ತಾರೆ. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಇದರ ಮೇಲೆ ಪ್ರಬಂಧ ಓದಿದ. 1819ರಿಂದ ಮೂರ್ನಾಲ್ಕು ವರ್ಷ ಮೈಕೆಲ್ ಫ್ಯಾರಡೆ ಇದರ ಗುಟ್ಟು ಹುಡುಕೋಕೆ ಪ್ರಯೋಗ ಮಾಡಿದ. ಕರೆಂಟಿನ ವಿಜ್ಞಾನದಲ್ಲಿ ಹೆಸರು ಮಾಡಿದನಲ್ಲ, ಅದೇ ಫ್ಯಾರಡೆ. ಅವನಪ್ಪ ಕಮ್ಮಾರ.

ಆದ್ರೆ ಒಂದು ಮಾತು ಗಮನಿಸಿ. ಈ ಉಕ್ಕು ಕಷ್ಟದ ಮಾಲು, ದುಬಾರಿ ಮಾಲು. ಕಲ್ಲುಕುಟಿಗರ ಉಳಿಗೆ, ಕತ್ತಿಗೆ, ಚನ್ನಪಟ್ಟಣದಲ್ಲಿ ಮಾಡ್ತಿದ್ದ ವಾದ್ಯದ ತಂತಿಗೆ ಹೋಗ್ತಿತ್ತು. ನೇಗಿಲ ಗುಳ ಪೂರ್ತಿ ಉಕ್ಕಿನಲ್ಲಿ ಮಾಡೋದು ರೈತನ ಕೈಗೆ ಎಲ್ಲಿ ಎಟುಕುತ್ತೆ? ಹಂಗಾಗಿ ಕಮ್ಮಾರ ಕಂಡುಕೊಂಡ ದಾರಿ: ಮೈಯೆಲ್ಲ ಮೆದು ಕಬ್ಬಿಣ, ಬಾಯಿಗೆ ಮಾತ್ರ ಒಂದು ಎಸಳು ಉಕ್ಕು. ಎರಡನ್ನೂ ಬೆಳ್ಳಗೆ ಕಾಯಿಸಿ, ಒಂದರ ಮೇಲೊಂದಿಟ್ಟು ಸಮ್ಮಟಿಗೆಯಲ್ಲಿ ಬಡಿದು ಬೆಸೆಯೋದು. "ಕೊಡಲಿಗೆ ಉಕ್ಕು ಹಾಕಿಸ್ಕೊಂಡು ಬಾ" ಅಂತ ನಮ್ಮಜ್ಜ ಹೇಳ್ತಿದ್ದದ್ದು ಇದನ್ನೇ. ಲೋಕದ ಎಲ್ಲ ಕಡೆ ಕಮ್ಮಾರರು ಮಾಡಿದ್ದೂ ಇದೇ. ಬೆಸುಗೆಯಿಂದ ಮೈ ಗಟ್ಟಿ ಮಾಡೋದು ಕರೆಂಟು ಬರೋಕೆ ಎಷ್ಟೋ ಮೊದಲೇ ಇತ್ತು.

ಬೆಸೆದ ಮೇಲೆ ಹದ. ಈ ಮಾತು ನೋಡಿ ಎಷ್ಟು ಚೆನ್ನಾಗಿದೆ. ಮಣ್ಣಿಗೂ ಹದ, ಉಕ್ಕಿಗೂ ಹದ. ಹಸಿ ಹೊಲ ಉತ್ರೆ ಹೆಂಟೆ ಕಲ್ಲಾಗುತ್ತೆ, ಒಣಗಿದ ಮೇಲೆ ಉತ್ರೆ ಗುಳ ಇಳಿಯಲ್ಲ. ಉಕ್ಕಿನ ಲೆಕ್ಕವೂ ಅಷ್ಟೇ. ಕೆಂಪಗೆ ಕಾಯಿಸಬೇಕು, ಆದರೆ ಕಿಡಿ ಹಾರೋ ಹಾಗೆ ಕಾಯಿಸಬಾರದು. 770 ಡಿಗ್ರಿ ಹತ್ತಿರ ಬಂದಾಗ ಕಬ್ಬಿಣಕ್ಕೆ ಅಯಸ್ಕಾಂತ ಅಂಟೋದು ನಿಂತುಹೋಗುತ್ತೆ. ಅದಕ್ಕಿಂತ ಸ್ವಲ್ಪ ಮೇಲೆ ಹೋದಾಗ ನೀರಲ್ಲೋ ಎಣ್ಣೆಯಲ್ಲೋ ಅದ್ದಿದ್ರೆ, ಒಳಗೆ ಕರಗಿದ್ದ ಇಂಗಾಲಕ್ಕೆ ಹೊರಗೆ ಬರೋಕೆ ಪುರಸೊತ್ತು ಸಿಗಲ್ಲ. ಅಲ್ಲೇ ಸಿಕ್ಕಿಹಾಕ್ಕೊಂಡು ಉಕ್ಕನ್ನ ಬಿಗಿ ಮಾಡುತ್ತೆ. ಜರ್ಮನಿಯ ಅಡಾಲ್ಫ್ ಮಾರ್ಟೆನ್ಸ್ ಅನ್ನೋನ ಹೆಸರಲ್ಲಿ ಇದಕ್ಕೆ ಮಾರ್ಟೆನ್ಸೈಟ್ ಅಂತಾರೆ.

ಅದ್ದಿ ತೆಗೆದ ಉಕ್ಕು ಅತೀ ಗಟ್ಟಿ, ಗಾಜಿನ ತರ. ಅದಕ್ಕೇ ಕಮ್ಮಾರ ಇನ್ನೊಂದು ಸಲ ಮೆಲ್ಲಗೆ ಬಿಸಿ ಮಾಡ್ತಾನೆ. ಉಜ್ಜಿದ ಜಾಗದಲ್ಲಿ ಬಣ್ಣ ಓಡುತ್ತೆ. ಸುಮಾರು 230 ಡಿಗ್ರಿಗೆ ಒಣಹುಲ್ಲಿನ ಬಣ್ಣ, 300ರ ಹತ್ತಿರ ನೀಲಿ. ಹುಲ್ಲಿನ ಬಣ್ಣಕ್ಕೆ ನಿಲ್ಲಿಸಿದ್ರೆ ಬಾಯಿ ಹರಿತ, ನೀಲಿಗೆ ನಿಲ್ಲಿಸಿದ್ರೆ ಬಾಗಿದ್ರೂ ಮುರಿಯಲ್ಲ. ಕುಲುಮೆ ಯಾವಾಗಲೂ ಅರೆಗತ್ತಲಲ್ಲಿ ಯಾಕಿರ್ತಿತ್ತು ಅಂದ್ರೆ ಇದಕ್ಕೇ. ಬಿಸಿಲಲ್ಲಿ ಕೆಂಪು ಯಾವುದು, ಕಿತ್ತಳೆ ಯಾವುದು ಗೊತ್ತಾಗಲ್ಲ. ಥರ್ಮಾಮೀಟರ್ ಇಲ್ಲದ ಕಾಲದಲ್ಲಿ ಕಣ್ಣೇ ಥರ್ಮಾಮೀಟರ್.

ಉಕ್ಕಿನ ಎಸಳೂ ಇಲ್ಲದೆ ಬರೀ ಮೆದು ಕಬ್ಬಿಣದ ಮೈ ಗಟ್ಟಿ ಮಾಡೋ ಮೂರನೇ ದಾರಿಯೂ ಒಂದಿತ್ತು. 12ನೇ ಶತಮಾನದಲ್ಲಿ ಥಿಯೋಫಿಲಸ್ ಅನ್ನೋ ಯುರೋಪಿನ ಸನ್ಯಾಸಿ ಕಸುಬುಗಳ ಬಗ್ಗೆ ಬರೆದ ಪುಸ್ತಕದಲ್ಲಿ ಅರ ಗಟ್ಟಿ ಮಾಡೋ ವಿಧಾನ ಇದೆ. ಎತ್ತಿನ ಕೊಂಬು ಸುಟ್ಟು ಪುಡಿ ಮಾಡಿ, ಉಪ್ಪು ಬೆರೆಸಿ, ಕಾದ ಅರದ ಮೇಲೆ ಹಾಕಿ, ಆಮೇಲೆ ನೀರಲ್ಲಿ ಅದ್ದೋದು. 1722ರಲ್ಲಿ ಫ್ರಾನ್ಸಿನ ರೆಯೋಮೂರ್ ಈ ವಿದ್ಯೆ ಮೇಲೆ ದೊಡ್ಡ ಪುಸ್ತಕವನ್ನೇ ಬರೆದ. ಕೊಂಬು, ಗೊರಸು, ಚರ್ಮ, ಇದ್ದಿಲು, ಎಲ್ಲದರ ಕೆಲಸವೂ ಒಂದೇ: ಇಂಗಾಲ ಕೊಡೋದು. 900 ಡಿಗ್ರಿಯಲ್ಲಿ ಕೆಲವು ಗಂಟೆ ಇಟ್ರೆ ಸುಮಾರು ಒಂದು ಮಿಲಿಮೀಟರ್ ಆಳಕ್ಕೆ ಇಂಗಾಲ ಇಳಿಯುತ್ತೆ. ಅಷ್ಟೂ ಚರ್ಮ ಉಕ್ಕು, ಒಳಗೆ ಕಬ್ಬಿಣ ಕಬ್ಬಿಣವಾಗೇ ಇರುತ್ತೆ. ಇವತ್ತು ನಮ್ಮ ಟ್ರ್ಯಾಕ್ಟರ್ ಗೇರ್‌ಬಾಕ್ಸಿನ ಹಲ್ಲುಗಳಿಗೆ ಮಾಡೋದೂ ಇದನ್ನೇ, ಕೊಂಬಿನ ಬದಲು ಗ್ಯಾಸ್ ಬಿಡ್ತಾರೆ ಅಷ್ಟೆ. ತಂಗಡಿ ಕಡ್ಡಿ ಹಾಕ್ತಿದ್ದ ನಮ್ಮವರ ಮೂಸೆಯ ತತ್ವವೂ ಇದೇ. ಅಲ್ಲಿ ಇಂಗಾಲ ಹೊಟ್ಟೆವರೆಗೂ ಹೋಗ್ತಿತ್ತು, ಇಲ್ಲಿ ಚರ್ಮಕ್ಕೇ ನಿಲ್ಲುತ್ತೆ.

ಇನ್ನು ನನಗೆ ತುಂಬಾ ಇಷ್ಟವಾದ ಭಾಗ. ಇಂಗ್ಲೆಂಡಿನ ಇಪ್ಸ್‌ವಿಚ್ ಊರಲ್ಲಿ ರಾಬರ್ಟ್ ರಾನ್ಸಮ್ ಅನ್ನೋನು ಎರಕದ ಗುಳ ಮಾಡ್ತಿದ್ದ. 1803ರಲ್ಲಿ ಆತ ಒಂದು ಪೇಟೆಂಟ್ ತಗೊಂಡ. ಗುಳದ ಅಚ್ಚಿನಲ್ಲಿ ಮೇಲ್ಭಾಗಕ್ಕೆ ಮರಳು, ಕೆಳಭಾಗಕ್ಕೆ ಕಬ್ಬಿಣದ ತಟ್ಟೆ. ಕರಗಿದ ಕಬ್ಬಿಣ ಹುಯ್ದಾಗ ಕೆಳಗಿನ ಮುಖ ತಣ್ಣನೆ ತಟ್ಟೆಗೆ ತಾಗಿ ಥಟ್ಟಂತ ಆರುತ್ತೆ, ಬಿಳಿ ಕಬ್ಬಿಣವಾಗಿ ಬಲು ಗಟ್ಟಿ ಆಗುತ್ತೆ. ಮೇಲಿನ ಮುಖ ಮರಳಲ್ಲಿ ನಿಧಾನಕ್ಕೆ ಆರಿ ಮೆತ್ತಗೆ ಉಳಿಯುತ್ತೆ. ಉಳುವಾಗ ಮೇಲಿನ ಮೆದು ಮುಖ ಬೇಗ ಸವೆಯುತ್ತೆ, ಕೆಳಗಿನ ಗಟ್ಟಿ ಪದರ ತೆಳ್ಳಗೆ ಅಂಚಾಗಿ ಮುಂದೆ ಉಳಿಯುತ್ತೆ. ಅಂದ್ರೆ ಉಳ್ತಾ ಉಳ್ತಾ ಗುಳ ತನ್ನನ್ನ ತಾನೇ ಸಾಣೆ ಹಿಡ್ಕೊಳ್ಳುತ್ತೆ! ಸವೆತ ನಿಲ್ಲಿಸೋಕೆ ಆಗಲ್ಲ ಅಂದ್ಮೇಲೆ ಸವೆತವನ್ನೇ ಕೆಲಸಕ್ಕೆ ಹಚ್ಚಿದ ಪುಣ್ಯಾತ್ಮ. ಎಲಿ ಹಲ್ಲೂ ಹೀಗೇ ಅಲ್ವಾ? ಮುಂದಿನ ಮುಖ ಗಟ್ಟಿ, ಹಿಂದಿನದು ಮೆದು. ಕಡಿದಷ್ಟೂ ಚೂಪು.

ಹೊಸದು ಬಂದಾಗ ಜನ ಒಪ್ಪೋದು ಎಲ್ಲ ಕಡೆಯೂ ಕಷ್ಟವೇ. ಅಮೆರಿಕದಲ್ಲಿ 1797ರಲ್ಲಿ ಚಾರ್ಲ್ಸ್ ನ್ಯೂಬೋಲ್ಡ್ ಎರಕದ ನೇಗಿಲು ತಂದಾಗ ಕಬ್ಬಿಣ ಮಣ್ಣಿಗೆ ವಿಷ ಅಂತ ರೈತರು ಹೆದರಿದ್ರಂತೆ. ನೂರು ವರ್ಷದ ಮೇಲೆ ನಮ್ಮ ಬೆಳಗಾವಿಯಲ್ಲೂ ಅದೇ ಕತೆ. ಸೈಕಲ್ ಅಂಗಡಿಯಿಂದ ಶುರು ಮಾಡಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 20ನೇ ಶತಮಾನದ ಶುರುವಿನಲ್ಲಿ ಕಬ್ಬಿಣದ ನೇಗಿಲು ಮಾಡಿದಾಗ, ಕಬ್ಬಿಣ ತಾಗಿದ್ರೆ ಭೂಮಿ ಕೆಡುತ್ತೆ ಅಂತ ಕೊಳ್ಳೋರೇ ಇರಲಿಲ್ಲ. ಆಮೇಲೆ ಅದೇ ನೇಗಿಲು ಉತ್ತರ ಕರ್ನಾಟಕ, ಮಹಾರಾಷ್ಟ್ರದ ಹೊಲಗಳನ್ನೆಲ್ಲ ಉತ್ತಿತು. ಅತ್ತ ಅಗ್ಗದ ವಿಲಾಯಿತಿ ಕಬ್ಬಿಣ ಬಂದು ಹಳೇ ಮೈಸೂರಿನ ಕರಗಿಸೋ ಕುಲುಮೆಗಳು 19ನೇ ಶತಮಾನದಲ್ಲೇ ಒಂದೊಂದಾಗಿ ಆರಿಹೋದವು. ಊರ ಕಮ್ಮಾರ ಮಾತ್ರ ಉಳಿದ. ಆಯಗಾರನಾಗಿ ಸುಗ್ಗಿಯಲ್ಲಿ ರಾಗಿ ತಗೊಂಡು ಗುಳ ತಟ್ಟಿ ಕೊಡ್ತಿದ್ದ. ಲಾರಿ ಬಂದ ಮೇಲೆ ಹಳೇ ಕಮಾನು ಪಟ್ಟೆಯೇ ಅವನಿಗೆ ಉಕ್ಕು.

ಈಗ ಕರೆಂಟಿನ ಬೆಸುಗೆ. 1881ರಲ್ಲಿ ರಷ್ಯಾದ ಬೆನಾರ್ಡೋಸ್ ಇಂಗಾಲದ ಕಡ್ಡಿಯಿಂದ ಕಿಡಿ ಹೊತ್ತಿಸಿ ಲೋಹ ಬೆಸೆದ. 1888ರಲ್ಲಿ ಅದೇ ದೇಶದ ಸ್ಲಾವ್ಯಾನೋವ್ ಕಡ್ಡಿಯನ್ನೇ ಲೋಹದ್ದು ಮಾಡಿ, ಅದೇ ಕರಗಿ ಬೀಳೋ ಹಾಗೆ ಮಾಡಿದ. 20ನೇ ಶತಮಾನದ ಮೊದಲ ದಶಕದಲ್ಲಿ ಸ್ವೀಡನ್ನಿನ ಆಸ್ಕರ್ ಶೆಲ್‌ಬೆರಿ ಆ ಕಡ್ಡಿಗೆ ಲೇಪ ಹಚ್ಚಿದ. ಇವತ್ತಿನ ವೆಲ್ಡಿಂಗ್ ರಾಡ್ ಹುಟ್ಟಿದ್ದು ಅಲ್ಲಿ.

ಲೋಹಗಳ ಕಡೆ ನೋಡಿದ್ರೆ, 1882ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ರಾಬರ್ಟ್ ಹ್ಯಾಡ್‌ಫೀಲ್ಡ್ ನೂರಕ್ಕೆ 12-13 ಭಾಗ ಮ್ಯಾಂಗನೀಸ್ ಬೆರೆಸಿ ಒಂದು ವಿಚಿತ್ರ ಉಕ್ಕು ಮಾಡಿದ. ಅದು ಏಟು ಬಿದ್ದಷ್ಟೂ ಗಟ್ಟಿ ಆಗುತ್ತೆ. ದೆಹಲಿಯ ಕಬ್ಬಿಣದ ಕಂಬದ ಲೋಹ ಪರೀಕ್ಷೆ ಮಾಡಿದ್ದೂ ಇದೇ ಹ್ಯಾಡ್‌ಫೀಲ್ಡ್. 1907ರಲ್ಲಿ ಅಮೆರಿಕದ ಎಲ್ವುಡ್ ಹೇನ್ಸ್ ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹಕ್ಕೆ ಪೇಟೆಂಟ್ ಪಡೆದ, ಅದೇ ಸ್ಟೆಲೈಟ್. 1920ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎಣ್ಣೆ ಬಾವಿ ಕೊರೆಯೋರಿಗೆ ಬಿಟ್ ಸವೆಯೋದೇ ದೊಡ್ಡ ತಲೆನೋವಾಗಿತ್ತು. ವಿಟಿಯರ್ ಊರಿನ ಸ್ಟೂಡಿ ಅಣ್ಣತಮ್ಮಂದಿರು ಆ ಬಿಟ್ಟುಗಳ ಮೈಗೆ ಕ್ರೋಮಿಯಂ ಇರೋ ಗಟ್ಟಿ ಲೋಹ ಬೆಸೆದು ಕೊಟ್ರು. ಎಣ್ಣೆ ಬಾವಿಯಿಂದ ಆ ವಿದ್ಯೆ ಗಣಿಗೆ, ಗಣಿಯಿಂದ ಹೊಲಕ್ಕೆ ಬಂತು. ಇದನ್ನೇ ಈಗ ಹಾರ್ಡ್‌ಫೇಸಿಂಗ್ ಅಂತಾರೆ.

ಈ ರಾಡಿನ ಬಲ ಎಲ್ಲಿದೆ? ಕ್ರೋಮಿಯಂ ಇಂಗಾಲದ ಜೊತೆ ಸೇರಿ ಕಾರ್ಬೈಡ್ ಹರಳು ಕಟ್ಟುತ್ತೆ. ಅದರ ಗಡಸು 1500ರ ಮೇಲೆ. ನಮ್ಮ ಬೆಣಚು ಕಲ್ಲನ್ನ ಮೀರಿದ್ದು ಇಲ್ಲಿ ಮಾತ್ರ. ನಮ್ಮ ಮರಳು ಮಣ್ಣಿಗೆ ಕ್ರೋಮಿಯಂ ಕಾರ್ಬೈಡ್ ರಾಡೇ ಸರಿ ಅನ್ನೋದು ಇದಕ್ಕೆ. ಜಲ್ಲಿ ಕ್ರಷರ್‌ನವರು ಬಳಸೋ ಮ್ಯಾಂಗನೀಸ್ ರಾಡ್ ಹ್ಯಾಡ್‌ಫೀಲ್ಡನ ವಂಶದ್ದು. ಏಟು ಬಿದ್ರೇನೇ ಅದು ಗಟ್ಟಿ ಆಗೋದು. ಮರಳಲ್ಲಿ ಬರೀ ಉಜ್ಜಾಟ, ಏಟಿಲ್ಲ. ಅಲ್ಲಿ ಆ ರಾಡಿಗೆ ಕೊಟ್ಟ ದುಡ್ಡು ನೀರಿಗೆ ಹಾಕಿದಂಗೆ.

ಇನ್ನು ಗುಳ ಮುರಿಯೋ ವಿಚಾರ. ರೋಟವೇಟರ್ ಬ್ಲೇಡು, ಒಳ್ಳೆ ಗುಳ ಇವೆಲ್ಲ ಕಾರ್ಖಾನೆಯಲ್ಲೇ ಹದ ಕೊಟ್ಟು ಬಂದಿರುತ್ತವೆ. ಬ್ಲೇಡಿನ ಬಾಯಿ ಹೆಚ್ಚು ಗಟ್ಟಿ, ಬೋಲ್ಟ್ ಕೂರೋ ಕಡೆ ಕಮ್ಮಿ ಗಟ್ಟಿ ಇರಬೇಕು ಅಂತ ಭಾರತೀಯ ಮಾನಕವೂ ಹೇಳುತ್ತೆ. ಅದರ ಮೇಲೆ ವೆಲ್ಡಿಂಗ್ ಹೊಡೆದಾಗ ಪಕ್ಕದ ಒಂದು ಪಟ್ಟಿ ಕೆಂಪಾಗಿ, ಸುತ್ತಲಿನ ತಣ್ಣನೆ ಲೋಹಕ್ಕೆ ಶಾಖ ಕೊಟ್ಟು ಥಟ್ಟಂತ ಆರುತ್ತೆ. ನೀರಲ್ಲಿ ಅದ್ದದೇನೇ ಅದ್ದಿದಂಗೆ! ಅದು ಗಾಜಾಗುತ್ತೆ. ಅದರಾಚೆ ಇನ್ನೊಂದು ಪಟ್ಟಿ ಹದ ಕಳ್ಕೊಂಡು ಮೆತ್ತಗಾಗುತ್ತೆ. ಮುರಿಯೋದು ಯಾವಾಗಲೂ ಬೆಸುಗೆಯ ಪಕ್ಕದಲ್ಲೇ ಯಾಕೆ ಅಂದ್ರೆ ಇದೇ ಕಾರಣ. ಹೋದ ವರ್ಷ ಒಂದು ಅಂಗಡಿಯಲ್ಲಿ ನನ್ನ ಗುಳಗಳಿಗೆ ಚೆನ್ನಾಗಿಯೇ ರಾಡ್ ಎಳೆದು, ಬೇಗ ಕೊಡೋಣ ಅಂತ ಹುಡುಗ ಬಕೆಟ್ ನೀರಿಗೆ ಅದ್ದಿಬಿಟ್ಟ. ಎರಡು ದಿನದಲ್ಲಿ ಮೂರು ಮೂತಿ ಹೋದವು. ಇನ್ನೊಂದು ಕಂತು ಬೂದಿಯಲ್ಲಿ ಹೂತಿಟ್ಟು ಆರಿಸಿದ್ದು, ಅದು ಇವತ್ತಿಗೂ ಹೊಲದಲ್ಲಿದೆ. ರಾಡ್ ಅದೇ, ಮೆಷಿನ್ ಅದೇ.

ಅದಕ್ಕೇ ನಾನು ಪಾಲಿಸೋದು ಇಷ್ಟು. ಗುಳ ಹೊಸದಿದ್ದಾಗಲೇ ಮಾಡಿಸೋದು, ಸವೆದು ತೆಳ್ಳಗಾದ ಮೇಲಲ್ಲ. ಟ್ರ್ಯಾಕ್ಟರಿಂದ ಬಿಚ್ಚಿ, ತುಕ್ಕು ಬಣ್ಣ ಉಜ್ಜಿಸೋದು. ಹೊಡೆಯೋ ಮೊದಲು ಗುಳ ಬಿಸಿ ಮಾಡೋದು, 200 ಡಿಗ್ರಿ ಆಸುಪಾಸು. ಒಂದು ಹನಿ ನೀರು ಹಾಕಿದ್ರೆ ಚುಂಯ್ ಅಂತ ಕುಣಿದು ಹೋಗ್ಬೇಕು. ರಾಡ್ ಒಣಗಿರಬೇಕು. ರಾನ್ಸಮ್ ಹೇಳಿಕೊಟ್ಟಂಗೆ ಒಂದೇ ಮುಖಕ್ಕೆ, ಒಂದು ಅಥವಾ ಎರಡು ಪದರ, ಜಾಸ್ತಿ ಬೇಡ. ಬೆಸುಗೆ ಮೇಲೆ ಅಡ್ಡಡ್ಡ ಸಣ್ಣ ಬಿರುಕು ಕಂಡ್ರೆ ಗಾಬರಿ ಬೇಡ, ಈ ರಾಡಿನ ಗುಣವೇ ಅದು. ಆದ್ರೆ ಬಿರುಕು ಕೆಳಗಿನ ಗುಳಕ್ಕೆ ಇಳಿಯಬಾರದು. ಆಮೇಲೆ ಬೂದಿ ಇಲ್ಲ ಒಣ ಸುಣ್ಣದ ಪುಡಿಯಲ್ಲಿ ಹೂತು ರಾತ್ರಿಯಿಡೀ ಆರಿಸೋದು. ರೋಟವೇಟರ್ ಬ್ಲೇಡಾದ್ರೆ ಬೋಲ್ಟ್ ತೂತಿನ ಹತ್ತಿರ, ಬಾಗಿನ ಹತ್ತಿರ ಕಿಡಿ ತಾಗಿಸಲೇಬಾರದು, ಎಲ್ಲ ಬ್ಲೇಡಿಗೂ ಒಂದೇ ಅಳತೆ. ಸುತ್ತೋ ಬ್ಲೇಡು ಮುರಿದು ಹಾರಿದ್ರೆ ಹಿಂದೆ ಬರೋ ಮನುಷ್ಯನ ಕಾಲು ಹೋಗುತ್ತೆ, ದುಡ್ಡಿನ ಮಾತಲ್ಲ ಅದು. ಕ್ರೋಮಿಯಂ ಹೊಗೆಯೂ ವಿಷ. ಬಯಲಲ್ಲಿ, ಗಾಳಿಗೆ ಬೆನ್ನು ಕೊಟ್ಟು ಹೊಡೆಯೋಕೆ ಆ ಹುಡುಗರಿಗೆ ಹೇಳಿ.

ನನ್ನ ಚಿಂತೆ ರಾಡಿನದ್ದಲ್ಲ. ರಾಡ್ ಎಲ್ಲಿ ಬೇಕಾದ್ರೂ ಸಿಗುತ್ತೆ. ನಮ್ಮ ಸುತ್ತಿನ ಊರುಗಳಲ್ಲಿ ಕುಲುಮೆ ಹೊತ್ತೋದು ಈಗ ಬೆರಳೆಣಿಕೆ. ಇರೋ ಆಚಾರಿಗಳಿಗೆ ವಯಸ್ಸಾಗಿದೆ, ಮಕ್ಕಳು ಬೆಂಗಳೂರು ಸೇರಿದ್ದಾರೆ. ವೆಲ್ಡಿಂಗ್ ಅಂಗಡಿ ಹುಡುಗನ ಕೈಯಲ್ಲಿ ಮೆಷಿನ್ ಇದೆ, ಬೆಸುಗೆ ನೇರ ಎಳೀತಾನೆ, ಹದ ಗೊತ್ತಿಲ್ಲ. ಆಚಾರಿಗೆ ಹದ ಗೊತ್ತು, ಮೆಷಿನ್ ಇಲ್ಲ. ಇಬ್ಬರ ನಡುವೆ ಒಂದು ಫರ್ಲಾಂಗ್ ದೂರ, ಮಾತುಕತೆ ಇಲ್ಲ. ಆ ಮುದುಕರ ಕಣ್ಣಲ್ಲಿರೋ ಬಣ್ಣದ ಲೆಕ್ಕ ಅವರ ಜೊತೆಗೇ ಹೋದ್ರೆ, ಯಾವ ಕಂಪನಿಯೂ ಅದನ್ನ ಪ್ಯಾಕೆಟ್ಟಲ್ಲಿ ಹಾಕಿ ಮಾರಲ್ಲ.

ಹಂಗಾಗಿ ಈ ಸಲ ನಾವು ಆರು ಮನೆಯವರು ಸೇರಿ ಒಂದು ತೀರ್ಮಾನ ಮಾಡಿದ್ದೀವಿ. ಎಲ್ಲರ ಗುಳಗಳನ್ನ ಒಟ್ಟು ಮಾಡಿ ಕುಲುಮೆಗೇ ತಗೊಂಡು ಹೋಗೋದು. ವೆಲ್ಡಿಂಗ್ ಹುಡುಗ ಮೆಷಿನ್ ಅಲ್ಲಿಗೇ ತರ್ತಾನೆ. ಆಚಾರಿ ಕಾಯಿಸಿ ಕೊಡ್ತಾರೆ, ಹುಡುಗ ರಾಡ್ ಎಳೀತಾನೆ, ಮತ್ತೆ ಆಚಾರಿ ಬೂದಿಗೆ ಹಾಕ್ತಾರೆ. ಇಬ್ಬರಿಗೂ ಕೂಲಿ ನಮ್ಮದು. ಅಕ್ಕಪಕ್ಕದ ಊರಿನವರು ಬರೋದಾದ್ರೆ ಗುಳ ಉಜ್ಜಿ, ನಿಮ್ಮ ಹೆಸರು ಸುಣ್ಣದಲ್ಲಿ ಬರೆದು ತನ್ನಿ. ನಿಮ್ಮೂರಲ್ಲಿ ಇನ್ನೂ ಕುಲುಮೆ ಹೊತ್ತಿದೆ ಅಂದ್ರೆ ಅದನ್ನೂ ತಿಳಿಸಿ, ಮುಂದಿನ ಸಲ ಅಲ್ಲೇ ಮಾಡೋಣ.